ಸ್ವಿಚ್ಚೇ ಕಾವಲು ಕಾಯಲಿ: ಆರ್‌ಮಾನ್ ಮೂಲಕ ದೂರದಿಂದಲೇ ಟ್ರಾಫಿಕ್ ಮತ್ತು ಅಲಾರಂ ನಿಗಾ

ಬಹುತೇಕ ಕಾಲೇಜು, ಕಚೇರಿ, ಆಸ್ಪತ್ರೆಗಳಲ್ಲಿ ನೆಟ್‌ವರ್ಕ್ ನಿಗಾ ಎಂದರೆ ಒಂದೇ ಕ್ರಮ: ಸರ್ವರ್ ಐದು ನಿಮಿಷಕ್ಕೊಮ್ಮೆ ಪ್ರತಿ ಸ್ವಿಚ್ಚನ್ನು ಎಷ್ಟು ಬೈಟ್ ಹೋಯಿತು ಎಂದು ಕೇಳುತ್ತದೆ, ಗ್ರಾಫ್ ಬರೆಯುತ್ತದೆ. ಗ್ರಾಫ್ ಶಾಂತವಾಗಿರುತ್ತದೆ, ಆದರೆ ಜನ ಮಾತ್ರ ವಿಡಿಯೊ ಕರೆ ಕಡಿಯುತ್ತಿದೆ, ಫೈಲ್ ತೆರೆಯುತ್ತಿಲ್ಲ ಎಂದು ದೂರುತ್ತಲೇ ಇರುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಐದು ನಿಮಿಷ ಎಂದರೆ 300 ಸೆಕೆಂಡು. ಅದರಲ್ಲಿ 20 ಸೆಕೆಂಡು ಲಿಂಕ್ ಪೂರ್ತಿ ತುಂಬಿ ಹೋದರೂ ಸರಾಸರಿಗೆ ಅದು ಸೇರಿಸುವುದು ಶೇ 7ಕ್ಕಿಂತ ಕಡಿಮೆ. ಬಳಕೆದಾರನಿಗೆ ಆ 20 ಸೆಕೆಂಡು ನರಕ; ಗ್ರಾಫಿನಲ್ಲಿ ಅದು ಕಣ್ಣಿಗೇ ಬೀಳದ ಉಬ್ಬು.

ಹಾಗೆಂದು ಸರ್ವರ್ ಪ್ರತಿ ಐದು ಸೆಕೆಂಡಿಗೊಮ್ಮೆ ನೂರಾರು ಪೋರ್ಟುಗಳನ್ನು ಪ್ರಶ್ನಿಸತೊಡಗಿದರೆ ನಿಗಾ ವ್ಯವಸ್ಥೆಯೇ ಒಂದು ಹೊರೆಯಾಗುತ್ತದೆ. ಸರಿಯಾದ ದಾರಿ ಬೇರೆ ಇದೆ. ಎಣಿಕೆ, ಹೋಲಿಕೆ, ಎಚ್ಚರಿಕೆ ಮೂರನ್ನೂ ಸ್ವಿಚ್ಚಿಗೇ ವಹಿಸಿಬಿಡುವುದು. ಮಿತಿ ದಾಟಿದಾಗ ಮಾತ್ರ ಅದು ನಮ್ಮನ್ನು ಕರೆಯಲಿ. ಇದಕ್ಕಾಗಿಯೇ ಇರುವ ಮಾನದಂಡದ ಹೆಸರು ರಿಮೋಟ್ ಮಾನಿಟರಿಂಗ್, ಎಲ್ಲರ ಬಾಯಲ್ಲೂ ಆರ್‌ಮಾನ್. ಅದರ ಮೊದಲ ರೂಪ 1991ರಲ್ಲಿ ಆರ್‌ಎಫ್‌ಸಿ (ಇಂಟರ್‌ನೆಟ್ ಮಾನದಂಡಗಳ ದಾಖಲೆ) 1271 ಆಗಿ ಬಂತು. ಈಗ ಬಳಕೆಯಲ್ಲಿರುವುದು 2000ದ ಆರ್‌ಎಫ್‌ಸಿ 2819. ಹಳೆಯದು ನಿಜ. ಆದರೆ ನಿಮ್ಮ ರ‍್ಯಾಕಿನಲ್ಲಿರುವ ಮ್ಯಾನೇಜ್ಡ್ ಸ್ವಿಚ್ಚಿನಲ್ಲಿ ಅದು ಈಗಾಗಲೇ ಇರುವ ಸಾಧ್ಯತೆ ಹೆಚ್ಚು, ಬೇರೆ ಲೈಸೆನ್ಸೂ ಸಾಮಾನ್ಯವಾಗಿ ಬೇಕಿಲ್ಲ. ಇಷ್ಟು ಉಪಯುಕ್ತವಾದುದನ್ನು ಇಷ್ಟು ಕಡಿಮೆ ಜನ ಚಾಲೂ ಮಾಡಿರುವುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಮಾನದಂಡದಲ್ಲಿ ಒಂಬತ್ತು ಗುಂಪುಗಳಿವೆ. ಸ್ವಿಚ್ಚುಗಳು ಸಾಮಾನ್ಯವಾಗಿ ಕೊಡುವುದು ನಾಲ್ಕನ್ನು: ಸ್ಟ್ಯಾಟಿಸ್ಟಿಕ್ಸ್, ಹಿಸ್ಟರಿ, ಅಲಾರಂ, ಈವೆಂಟ್. ಯಾವ ಕಂಪ್ಯೂಟರ್ ಯಾರೊಂದಿಗೆ ಮಾತಾಡಿತು ಎಂಬುದನ್ನು ಹೇಳುವ, ಪ್ಯಾಕೆಟ್ಟುಗಳನ್ನೇ ಹಿಡಿದಿಡುವ ಉಳಿದ ಗುಂಪುಗಳಿಗೆ ಮೆಮೊರಿ ಹೆಚ್ಚು ಬೇಕು. ಅದಕ್ಕೆ ಪ್ರೋಬ್ ಎಂಬ ಪ್ರತ್ಯೇಕ ನಿಗಾ ಸಾಧನ ಅಥವಾ ಪ್ಯಾಕೆಟ್ಟುಗಳ ಮಾದರಿ ಕಳಿಸುವ ಎಸ್‌ಫ್ಲೋ ಬೇಕಾಗುತ್ತದೆ. ನಮ್ಮ ಕೆಲಸಕ್ಕೆ ನಾಲ್ಕು ಸಾಕು.

ಇಲ್ಲಿನ ಉದಾಹರಣೆ 24 ಗಿಗಾಬಿಟ್ ಪೋರ್ಟುಗಳ ಒಂದು ಸಿಸ್ಕೊ ಕ್ಯಾಟಲಿಸ್ಟ್ ಸ್ವಿಚ್. 24ನೇ ಪೋರ್ಟಿನಿಂದ ಮುಖ್ಯ ಕಟ್ಟಡಕ್ಕೆ ಅಪ್‌ಲಿಂಕ್. ಇನ್ನೊಂದು ತುದಿಯಲ್ಲಿ ಉಬುಂಟು ಸರ್ವರ್, ಅದರಲ್ಲಿ ನೆಟ್-ಎಸ್‌ಎನ್‌ಎಂಪಿ, ಅಂದರೆ ನೆಟ್‌ವರ್ಕ್ ಸಾಧನಗಳನ್ನು ಪ್ರಶ್ನಿಸುವ ಎಸ್‌ಎನ್‌ಎಂಪಿ ಎಂಬ ನಿಯಮಾವಳಿಯ ತಂತ್ರಾಂಶ. ಆಜ್ಞೆಗಳನ್ನು ಉಚ್ಚಾರಕ್ಕೆ ತಕ್ಕಂತೆ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಬೇಕು. ಪ್ರತಿ ಅಳತೆಯ ವಿಳಾಸವಾಗಿರುವ ಅಂಕಿಗಳ ಸರಣಿಗಳು, ಅಂದರೆ ಓಐಡಿಗಳು, ಉಷ್ಣಾಂಶದ ಸಿಸ್ಕೊ ಓಐಡಿಯೊಂದನ್ನು ಬಿಟ್ಟರೆ ಎಲ್ಲ ತಯಾರಕರ ಸ್ವಿಚ್ಚಿಗೂ ಅನ್ವಯಿಸುತ್ತವೆ; ಕೊನೆಯ ಇಂಡೆಕ್ಸ್ ಮಾತ್ರ ಸ್ವಿಚ್ಚಿಗೆ ತಕ್ಕಂತೆ ಬದಲಾಗುತ್ತದೆ.

ಹಂತ 1: ನೆಲ ಸಮ ಮಾಡಿಕೊಳ್ಳುವುದು

ಮೊದಲು ಗಡಿಯಾರ. ಸ್ವಿಚ್ಚಿಗೆ ಎನ್‌ಟಿಪಿ (ಸರಿಯಾದ ಸಮಯ ಕೊಡುವ) ಸರ್ವರ್ ಹೊಂದಿಸಿ, ಸಮಯ ವಲಯವನ್ನು ಭಾರತೀಯ ಕಾಲಮಾನಕ್ಕೆ, ಅಂದರೆ 5 ಗಂಟೆ 30 ನಿಮಿಷ ಮುಂದಕ್ಕೆ ಇಡಿ. ಸಮಯ ತಪ್ಪಿದ ಲಾಗಿನಿಂದ ಯಾವ ತನಿಖೆಯೂ ಸಾಗುವುದಿಲ್ಲ.

ಎರಡನೆಯದು ಸುರಕ್ಷತೆ. ಎಸ್‌ಎನ್‌ಎಂಪಿಯ ಒಂದು ಮತ್ತು ಎರಡನೇ ಆವೃತ್ತಿಗಳಲ್ಲಿ ಕಮ್ಯುನಿಟಿ ಎಂಬ ಗುಪ್ತಪದ ತಂತಿಯ ಮೇಲೆ ತೆರೆದ ಅಕ್ಷರಗಳಲ್ಲೇ ಹೋಗುತ್ತದೆ. ಅದು 'ಪಬ್ಲಿಕ್' ಎಂದೇ ಉಳಿದಿದ್ದರೆ ಇವತ್ತೇ ತೆಗೆದುಹಾಕಿ. ಮೂರನೇ ಆವೃತ್ತಿಯಲ್ಲಿ ದೃಢೀಕರಣ ಮತ್ತು ಗೂಢಲಿಪೀಕರಣ ಎರಡೂ ಇರುವ ಆಥ್‌ಪ್ರಿವ್ ಮಟ್ಟವನ್ನು ಎಸ್‌ಎಚ್‌ಎ ಮತ್ತು ಎಇಎಸ್ ಜೊತೆ ಬಳಸಿ. ಓದುವ ಅನುಮತಿ ಮಾತ್ರ ಕೊಡಿ. ಆರ್‌ಮಾನ್ ಸಾಲುಗಳನ್ನು ಎಸ್‌ಎನ್‌ಎಂಪಿ ಮೂಲಕವೇ ಬರೆಯಬಹುದಾದರೂ ಅದಕ್ಕಾಗಿ ಬರೆಯುವ ಅನುಮತಿ ತೆರೆದಿಡುವುದು ತರವಲ್ಲ. ಆ ಕೆಲಸ ಕಮಾಂಡ್ ಲೈನಿನಲ್ಲಿ ಆಗಲಿ. ಯುಡಿಪಿ 161ನೇ ಪೋರ್ಟಿಗೆ ನಿಗಾ ಸರ್ವರಿನ ವಿಳಾಸದಿಂದ ಮಾತ್ರ ಪ್ರವೇಶ ಸಿಗುವಂತೆ ಆಕ್ಸೆಸ್ ಲಿಸ್ಟ್ ಹಾಕಿ. ನಿಗಾ ಸಂಚಾರಕ್ಕೆ ಪ್ರತ್ಯೇಕ ವಿಎಲ್‌ಎಎನ್ (ಸ್ವಿಚ್ಚಿನೊಳಗೇ ಬೇರ್ಪಡಿಸಿದ ನೆಟ್‌ವರ್ಕ್) ಇದ್ದರೆ ಒಳ್ಳೆಯದು. ಇದರ ಮಹತ್ವ ಬ್ರಾಡ್‌ಕಾಸ್ಟ್ ವಿಷಯಕ್ಕೆ ಬಂದಾಗ ಗೊತ್ತಾಗುತ್ತದೆ.

ಮೂರನೆಯದು ಹೆಚ್ಚಿನವರು ಎಡವುವ ಜಾಗ. ಪೆಟ್ಟಿಗೆಯ ಮೇಲೆ ಬರೆದ ಪೋರ್ಟ್ ಸಂಖ್ಯೆ ಬೇರೆ, ಎಸ್‌ಎನ್‌ಎಂಪಿ ಬಳಸುವ ಇಂಟರ್‌ಫೇಸ್ ಇಂಡೆಕ್ಸ್ ಬೇರೆ. ಕ್ಯಾಟಲಿಸ್ಟ್ 3750ರಲ್ಲಿ ಮೊದಲ ಗಿಗಾಬಿಟ್ ಪೋರ್ಟಿನ ಇಂಡೆಕ್ಸ್ 10101. ಆ ಲೆಕ್ಕದಲ್ಲಿ 24ನೆಯದು 10124. ಊಹಿಸಬೇಡಿ, ಓದಿ ತಿಳಿಯಿರಿ. ಸರ್ವರಿನಿಂದ ಎಸ್‌ಎನ್‌ಎಂಪಿವಾಕ್ ಆಜ್ಞೆಯಲ್ಲಿ 1.3.6.1.2.1.31.1.1.1.1 ಎಂಬ ಓಐಡಿ ಕೊಟ್ಟರೆ ಪ್ರತಿ ಇಂಡೆಕ್ಸಿಗೂ ಅದರ ಪೋರ್ಟ್ ಹೆಸರು ಪಟ್ಟಿಯಾಗುತ್ತದೆ. ಕೆಲವು ಸ್ವಿಚ್ಚುಗಳಲ್ಲಿ ರೀಬೂಟ್ ಆದಾಗ ಈ ಇಂಡೆಕ್ಸುಗಳು ಅದಲುಬದಲಾಗುತ್ತವೆ, ಅಪ್‌ಲಿಂಕಿಗೆ ಇಟ್ಟ ಅಲಾರಂ ಯಾವುದೋ ಪ್ರಿಂಟರ್ ಪೋರ್ಟನ್ನು ಕಾಯತೊಡಗುತ್ತದೆ. ಸಿಸ್ಕೊದಲ್ಲಿ 'ಎಸ್‌ಎನ್‌ಎಂಪಿ-ಸರ್ವರ್ ಇಫ್‌ಇಂಡೆಕ್ಸ್ ಪರ್ಸಿಸ್ಟ್' ಎಂಬ ಆಜ್ಞೆ ಇದನ್ನು ತಡೆಯುತ್ತದೆ.

ಹಂತ 2: ಎಣಿಕೆ ಶುರು ಮಾಡುವುದು

ಪೋರ್ಟಿನ ಕಾನ್ಫಿಗರೇಶನ್ ಒಳಗೆ ಹೋಗಿ 'ಆರ್‌ಮಾನ್ ಕಲೆಕ್ಷನ್ ಸ್ಟ್ಯಾಟ್ಸ್ 24 ಓನರ್ ಎನ್‌ಒಸಿ' ಎಂದು ಕೊಡಿ. 24 ಎಂಬುದು ಈ ಎಣಿಕೆಯ ಸಾಲಿಗೆ ನೀವೇ ಕೊಡುವ ಸಂಖ್ಯೆ. ಪೋರ್ಟ್ ಸಂಖ್ಯೆಯನ್ನೇ ಇಟ್ಟರೆ ಮುಂದೆ ಗೊಂದಲ ಆಗದು. ಓನರ್ ಜಾಗದಲ್ಲಿ ವ್ಯಕ್ತಿಯ ಹೆಸರಿಗಿಂತ ಎನ್‌ಒಸಿ (ನೆಟ್‌ವರ್ಕ್ ನಿಗಾ ಕೇಂದ್ರ) ಎಂಬಂಥ ವಿಭಾಗದ ಹೆಸರು ಮೇಲು, ಏಕೆಂದರೆ ವ್ಯಕ್ತಿಗೆ ವರ್ಗಾವಣೆಯಾಗುತ್ತದೆ, ಕಾನ್ಫಿಗರೇಶನ್ ಹಾಗೇ ಉಳಿಯುತ್ತದೆ.

ಈಗ 1.3.6.1.2.1.16.1.1.1ರ ಕೆಳಗೆ ಕಾಲಂಗಳು ತುಂಬತೊಡಗುತ್ತವೆ. 4ನೆಯದು ಬೈಟುಗಳು, 5ನೆಯದು ಪ್ಯಾಕೆಟ್, 6 ಬ್ರಾಡ್‌ಕಾಸ್ಟ್ (ಎಲ್ಲರಿಗೂ ಹೋಗುವವು), 7 ಮಲ್ಟಿಕಾಸ್ಟ್ (ಒಂದು ಗುಂಪಿಗೆ ಹೋಗುವವು), 8 ಸಿಆರ್‌ಸಿ ದೋಷ (ದಾರಿಯಲ್ಲಿ ಕೆಟ್ಟು ಬಂದವು), 11 ತುಂಡಾದ ಫ್ರೇಮುಗಳು, 13 ಘರ್ಷಣೆಗಳು. ನನ್ನ ಕಣ್ಣು ಮೊದಲು ಹೋಗುವುದು 8ನೇ ಕಾಲಂಗೆ. ಆರೋಗ್ಯವಾಗಿರುವ ತಾಮ್ರದ ಲಿಂಕಿನಲ್ಲಿ ಅದು ಹೆಚ್ಚೂಕಡಿಮೆ ಅಲುಗಾಡದೆ ನಿಂತಿರಬೇಕು. ಅದು ಏರುತ್ತಿದ್ದರೆ ಕೇಬಲ್, ಕನೆಕ್ಟರ್, ಎಸ್‌ಎಫ್‌ಪಿ (ಪೋರ್ಟಿಗೆ ಸಿಕ್ಕಿಸುವ ಟ್ರಾನ್ಸೀವರ್) ಅಥವಾ ಡ್ಯುಪ್ಲೆಕ್ಸ್ (ಏಕಕಾಲಕ್ಕೆ ಎರಡೂ ದಿಕ್ಕಿಗೆ ಕಳಿಸಬಹುದೇ ಎಂಬ) ಹೊಂದಾಣಿಕೆಯಲ್ಲಿ ತೊಂದರೆ ಇದೆ ಎಂದೇ ಅರ್ಥ.

ಕೆಲವು ಸ್ವಿಚ್ಚುಗಳು ಇಲ್ಲಿ ಒಳಬರುವ ಪ್ಯಾಕೆಟ್ಟುಗಳನ್ನಷ್ಟೇ ಎಣಿಸುತ್ತವೆ. ಪರೀಕ್ಷಿಸುವುದು ಸುಲಭ: ಐಪರ್ಫ್‌3 ಎಂಬ ಟ್ರಾಫಿಕ್ ಪರೀಕ್ಷಾ ತಂತ್ರಾಂಶ ಬಳಸಿ ಒಂದೇ ದಿಕ್ಕಿನಲ್ಲಿ ಗೊತ್ತಾದ ಪ್ರಮಾಣದ ಟ್ರಾಫಿಕ್ ಹರಿಸಿ, ಕಾಲಂ ಎಷ್ಟು ಏರಿತು ನೋಡಿ, ದಿಕ್ಕು ತಿರುಗಿಸಿ ಮತ್ತೆ ನೋಡಿ.

ಹಂತ 3: ಇತಿಹಾಸ ಇಡುವುದು

ಹಿಸ್ಟರಿ ಗುಂಪು ನಿಗದಿತ ಅಂತರಕ್ಕೊಮ್ಮೆ ಎಣಿಕೆಯ ಒಂದು ಸಾಲನ್ನು ಸ್ವಿಚ್ಚಿನ ಮೆಮೊರಿಯಲ್ಲಿ ಬರೆದಿಡುತ್ತದೆ. ಪ್ರತಿ ಪೋರ್ಟಿಗೂ ಎರಡು ದಾಖಲೆ ಇರಲಿ ಎಂಬುದು ಮಾನದಂಡದ ಸಲಹೆ: ಒಂದು 30 ಸೆಕೆಂಡಿನದು, ಇನ್ನೊಂದು 30 ನಿಮಿಷದ್ದು. ಆಜ್ಞೆ ಹೀಗೆ: 'ಆರ್‌ಮಾನ್ ಕಲೆಕ್ಷನ್ ಹಿಸ್ಟರಿ 241 ಬಕೆಟ್ಸ್ 50 ಇಂಟರ್ವಲ್ 30', ಮತ್ತೊಂದು '242 ಬಕೆಟ್ಸ್ 50 ಇಂಟರ್ವಲ್ 1800'. ಮೊದಲನೆಯದು ಕಳೆದ 25 ನಿಮಿಷವನ್ನು, ಎರಡನೆಯದು ಕಳೆದ 25 ಗಂಟೆಯನ್ನು ನೆನಪಿಟ್ಟುಕೊಳ್ಳುತ್ತದೆ. ಹೊಸ ಸಾಲು ಬಂದಂತೆ ಅತಿ ಹಳೆಯದು ಅಳಿಯುತ್ತದೆ.

ನೀವು ಕೇಳಿದಷ್ಟು ಬಕೆಟ್, ಅಂದರೆ ಸಾಲುಗಳನ್ನು, ಸ್ವಿಚ್ ಕೊಡಲೇಬೇಕೆಂದಿಲ್ಲ. ನಿಜಕ್ಕೂ ಸಿಕ್ಕಿದ್ದು ಎಷ್ಟು ಎಂಬುದು 1.3.6.1.2.1.16.2.1.1.4ರಲ್ಲಿ ಇರುತ್ತದೆ, ಕೇಳಿದ ಸಂಖ್ಯೆಯನ್ನು ನಂಬಿ ಕೂರಬೇಡಿ. ಬಳಕೆಯ ಪ್ರಮಾಣ 1.3.6.1.2.1.16.2.2.1.15ರಲ್ಲಿದೆ, ಶೇಕಡಾದ ನೂರನೇ ಒಂದು ಭಾಗದ ಲೆಕ್ಕದಲ್ಲಿ. 3742 ಎಂದು ಕಂಡರೆ ಶೇ 37.42.

ಕರೆಂಟ್ ಹೋದರೆ ಈ ದಾಖಲೆ ಅಳಿಸಿಹೋಗುತ್ತದೆ. ಆದ್ದರಿಂದ ಸರ್ವರ್ 20 ನಿಮಿಷಕ್ಕೊಮ್ಮೆ ಬಂದು 30 ಸೆಕೆಂಡಿನ ಸಾಲುಗಳನ್ನು ಒಟ್ಟಾಗಿ ಕೊಂಡೊಯ್ಯುವಂತೆ ಕ್ರಾನ್ ಎಂಬ ವೇಳಾಪಟ್ಟಿ ಸೌಲಭ್ಯದಲ್ಲಿ ಕೆಲಸ ಹಾಕಿ. ಸರ್ವರ್ ವಿರಳವಾಗಿ ಕೇಳುತ್ತದೆ, ಆದರೂ 30 ಸೆಕೆಂಡಿನ ವಿವರ ಸಿಗುತ್ತದೆ. ನಡುವೆ ಲಿಂಕ್ ಕೆಲ ನಿಮಿಷ ಕಡಿದಿದ್ದರೂ ಆ ಹೊತ್ತಿನ ದಾಖಲೆ ಸ್ವಿಚ್ಚಿನಲ್ಲೇ ಕಾದಿರುತ್ತದೆ.

ಹಂತ 4: ಅಲಾರಂಗೆ ಮುಂಚೆ ಒಂದು ವಾರ ಕಾಯುವುದು

ಈ ಮಾರ್ಗದರ್ಶಿಯಲ್ಲಿ ಒಂದೇ ಒಂದು ಹಂತವನ್ನು ಯಾರೂ ಬಿಡಬಾರದು ಎಂದಿದ್ದರೆ ಅದು ಇದು. ಎಲ್ಲಿಂದಲೋ ಎತ್ತಿದ ಮಿತಿಯನ್ನು ನಿಮ್ಮ ಸ್ವಿಚ್ಚಿಗೆ ಹಾಕಬೇಡಿ. ಅದು ಒಂದೋ ದಿನವಿಡೀ ಕೂಗುತ್ತದೆ, ಇಲ್ಲವೇ ಎಂದೂ ಕೂಗುವುದಿಲ್ಲ. ದಿನವಿಡೀ ಕೂಗುವ ಅಲಾರಮ್ಮನ್ನು ಎರಡೇ ದಿನದಲ್ಲಿ ಜನ ಮ್ಯೂಟ್ ಮಾಡುತ್ತಾರೆ, ನಿಜವಾದ ಅಪಾಯ ಬಂದ ದಿನವೂ ಅದು ಮ್ಯೂಟ್ ಆಗಿಯೇ ಇರುತ್ತದೆ.

ಕನಿಷ್ಠ ಒಂದು ಪೂರ್ತಿ ವಾರದ ಹಿಸ್ಟರಿ ಸಂಗ್ರಹಿಸಿ. ಸೋಮವಾರ ಬೆಳಿಗ್ಗೆ ಎಲ್ಲರೂ ಒಟ್ಟಿಗೆ ಲಾಗಿನ್ ಆಗುವ ಹೊತ್ತು, ಮಧ್ಯರಾತ್ರಿಯ ಬ್ಯಾಕಪ್, ಕಂಪ್ಯೂಟರುಗಳಿಗೆ ಅಪ್‌ಡೇಟ್ ಇಳಿಯುವ ದಿನ, ಕಾಲೇಜಾದರೆ ಲ್ಯಾಬ್ ಪರೀಕ್ಷೆಯ ದಿನ, ಇವೆಲ್ಲ ಅದರಲ್ಲಿ ಬರಲಿ. ಪ್ರತಿ ಕಾಲಂನ ಸಾಮಾನ್ಯ ಮಟ್ಟ ಎಷ್ಟು, ಒಳ್ಳೆಯ ದಿನದಲ್ಲೇ ಮುಟ್ಟುವ ಅತಿ ಎತ್ತರ ಎಷ್ಟು ಎಂದು ಬರೆದುಕೊಳ್ಳಿ. ಮಿತಿ ಆ ಎತ್ತರಕ್ಕಿಂತ ಮೇಲಿರಬೇಕು.

ಹಂತ 5: ಈವೆಂಟ್, ಆಮೇಲೆ ಅಲಾರಂ

ಮಿತಿ ದಾಟಿದರೆ ಏನು ಮಾಡಬೇಕು ಎಂಬುದು ಈವೆಂಟ್; ಯಾವಾಗ ದಾಟಿದಂತೆ ಎಂಬುದು ಅಲಾರಂ. ಅಲಾರಂ ಸಾಲಿನಲ್ಲಿ ಈವೆಂಟಿನ ಸಂಖ್ಯೆ ಬರೆಯಬೇಕಾಗಿರುವುದರಿಂದ ಈವೆಂಟ್ ಮೊದಲು. ಎರಡು ಮಾಡಿ: 'ಆರ್‌ಮಾನ್ ಈವೆಂಟ್ 1 ಲಾಗ್ ಟ್ರ್ಯಾಪ್', ಅದರ ಮುಂದೆ ಕಮ್ಯುನಿಟಿ, ವಿವರಣೆ, ಓನರ್. ಇದು ಏರಿಕೆಗೆ. ಹಾಗೆಯೇ ಇಳಿಕೆಗೆ 2ನೇ ಈವೆಂಟ್. ಲಾಗ್ ಮತ್ತು ಟ್ರ್ಯಾಪ್ ಎರಡನ್ನೂ ಬರೆಯಿರಿ. ಟ್ರ್ಯಾಪ್ ಎಂದರೆ ಸ್ವಿಚ್ ತಾನಾಗಿ ಸರ್ವರಿಗೆ ಕಳಿಸುವ ಸಂದೇಶ; ಅದು ಯುಡಿಪಿಯಲ್ಲಿ ಹೋಗುವ ಒಂಟಿ ಪ್ಯಾಕೆಟ್, ತಲುಪಿತೇ ಎಂದು ಸ್ವಿಚ್ ಕೇಳುವುದಿಲ್ಲ. ಲಿಂಕ್ ಕಿಕ್ಕಿರಿದಿದೆ ಎಂಬ ಸುದ್ದಿ ಅದೇ ಕಿಕ್ಕಿರಿದ ಲಿಂಕಿನಲ್ಲಿ ಕಳೆದುಹೋಗಬಹುದು. ಆಗ ಸ್ವಿಚ್ಚಿನೊಳಗಿನ ಲಾಗ್ ಒಂದೇ ಸಾಕ್ಷಿ.

ಅಲಾರಂ ಆಜ್ಞೆಯ ಕ್ರಮ: ಅಲಾರಂ ಸಂಖ್ಯೆ, ಗಮನಿಸಬೇಕಾದ ಓಐಡಿ, ಅಂತರ ಸೆಕೆಂಡಿನಲ್ಲಿ, ಡೆಲ್ಟಾ ಅಥವಾ ಅಬ್ಸೊಲ್ಯೂಟ್, ಏರಿಕೆ ಮಿತಿ ಮತ್ತು ಅದರ ಈವೆಂಟ್, ಇಳಿಕೆ ಮಿತಿ ಮತ್ತು ಅದರ ಈವೆಂಟ್, ಓನರ್. ಸಿಆರ್‌ಸಿ ದೋಷಕ್ಕೆ ಬರೆದರೆ: ಅಲಾರಂ 10, ಓಐಡಿ 1.3.6.1.2.1.16.1.1.1.8.24, ಅಂತರ 60, ಡೆಲ್ಟಾ, ಏರಿಕೆ 20 ಈವೆಂಟ್ 1, ಇಳಿಕೆ 2 ಈವೆಂಟ್ 2. ಓಐಡಿಯ ಕೊನೆಯ 24 ಎರಡನೇ ಹಂತದಲ್ಲಿ ನಾವು ಕೊಟ್ಟ ಸಾಲಿನ ಸಂಖ್ಯೆ, ಇಂಟರ್‌ಫೇಸ್ ಇಂಡೆಕ್ಸ್ ಅಲ್ಲ.

ಡೆಲ್ಟಾ ಎಂದರೆ ಈ ಅಂತರದಲ್ಲಿ ಎಷ್ಟು ಹೆಚ್ಚಾಯಿತು ಎಂಬುದು. ಏರುತ್ತಲೇ ಹೋಗುವ ಎಣಿಕೆಗಳಿಗೆಲ್ಲ ಇದೇ ಬೇಕು. ಉಷ್ಣಾಂಶದಂತೆ ಏರಿಳಿಯುವ ಅಳತೆಗೆ ಅಬ್ಸೊಲ್ಯೂಟ್. ಬೈಟ್ ಎಣಿಕೆಗೆ ಅಬ್ಸೊಲ್ಯೂಟ್ ಹಾಕಿದರೆ ಅಲಾರಂ ಒಮ್ಮೆ ಹೊಡೆದು ಸುಮ್ಮನಾಗುತ್ತದೆ.

ಎರಡು ಮಿತಿಗಳ ನಡುವಿನ ಅಂತರದಲ್ಲೇ ಆರ್‌ಮಾನ್‌ನ ಜಾಣ್ಮೆ ಇದೆ. ಏರಿಕೆ 20, ಇಳಿಕೆ 2 ಇಟ್ಟಿದ್ದೇವೆ. ನಿಮಿಷದಿಂದ ನಿಮಿಷಕ್ಕೆ ದೋಷಗಳು ಹೀಗೆ ಬಂದವು ಎಂದುಕೊಳ್ಳಿ: 12, 25, 31, 18, 22, 1, 27. ಮೊದಲ 12ಕ್ಕೆ ಏನೂ ಇಲ್ಲ. 25ಕ್ಕೆ ಏರಿಕೆ ಅಲಾರಂ. 31ಕ್ಕೆ ಮೌನ, 18ಕ್ಕೆ ಮೌನ. 22 ಮತ್ತೆ 20ನ್ನು ದಾಟಿದರೂ ಮೌನವೇ, ಏಕೆಂದರೆ ನಡುವೆ ಎಣಿಕೆ 2ಕ್ಕೆ ಇಳಿದಿಲ್ಲ. 1ಕ್ಕೆ ಇಳಿಕೆ ಅಲಾರಂ. 27ಕ್ಕೆ ಮತ್ತೆ ಏರಿಕೆ. ಏಳು ನಿಮಿಷದಲ್ಲಿ ಮೂರೇ ಸಂದೇಶ, ಕಥೆ ಪೂರ್ತಿ. ಎರಡೂ ಮಿತಿಗಳನ್ನು ಪಕ್ಕಪಕ್ಕ, 20 ಮತ್ತು 19 ಎಂದು ಇಟ್ಟಿದ್ದರೆ ಅದೇ ಏಳು ನಿಮಿಷಕ್ಕೆ ಐದು ಸಂದೇಶ ಬರುತ್ತಿದ್ದವು.

ಸ್ಟಾರ್ಟಪ್ ಅಲಾರಂ ಎಂಬ ಆಯ್ಕೆ ನಿಮ್ಮ ಸ್ವಿಚ್ಚಿನಲ್ಲಿದ್ದರೆ ಅದನ್ನು ಏರಿಕೆಗೆ ಮಾತ್ರ ಇಡಿ. ಇಲ್ಲದಿದ್ದರೆ ಸ್ವಿಚ್ ಶುರುವಾದ ಕೂಡಲೇ ಪ್ರತಿ ಪೋರ್ಟೂ "ಮಿತಿಗಿಂತ ಕೆಳಗಿದ್ದೇನೆ" ಎಂದು ಇಳಿಕೆ ಸಂದೇಶ ಕಳಿಸುತ್ತದೆ.

ಹಂತ 6: ಯಾವುದಕ್ಕೆ ಅಲಾರಂ, ಎಷ್ಟಕ್ಕೆ

ಎಲ್ಲ ಪೋರ್ಟಿಗೂ ಎಲ್ಲ ಕಾಲಂಗೂ ಅಲಾರಂ ಇಡುವ ಆಸೆ ಬರುತ್ತದೆ, ಬೇಡ. ಸಂದೇಶ ಬಂದಾಗ ಒಬ್ಬ ಮನುಷ್ಯ ಎದ್ದು ಮಾಡುವ ಕೆಲಸವೊಂದು ಇದ್ದರೆ ಮಾತ್ರ ಅಲಾರಂ ಇಡಿ. ಉಳಿದದ್ದು ಹಿಸ್ಟರಿಯಲ್ಲಿ ಇರಲಿ. ನನ್ನ ಪಟ್ಟಿಯಲ್ಲಿರುವುದು ನಾಲ್ಕು.

ಮೊದಲನೆಯದು ಮೇಲೆ ಹೇಳಿದ ಸಿಆರ್‌ಸಿ, ಅಪ್‌ಲಿಂಕ್ ಮತ್ತು ಸರ್ವರ್ ಪೋರ್ಟುಗಳಿಗೆ.

ಎರಡನೆಯದು ಬ್ರಾಡ್‌ಕಾಸ್ಟ್. ಲ್ಯಾಬಿನ ಮೇಜಿನ ಕೆಳಗಿನ ಪುಟ್ಟ ಸ್ವಿಚ್ಚಿಗೆ ಯಾರೋ ಒಂದೇ ಕೇಬಲಿನ ಎರಡೂ ತುದಿ ಸಿಕ್ಕಿಸಿದರೆ ಲೂಪ್ ಆಗುತ್ತದೆ, ಒಂದು ಬ್ರಾಡ್‌ಕಾಸ್ಟ್ ಫ್ರೇಮ್ ಸುತ್ತುತ್ತಲೇ ಬೆಳೆಯುತ್ತದೆ. 64 ಬೈಟಿನ ಫ್ರೇಮುಗಳು ಗಿಗಾಬಿಟ್ ಲಿಂಕಿನಲ್ಲಿ ಸೆಕೆಂಡಿಗೆ 14,88,095ರವರೆಗೆ ಹೋಗಬಲ್ಲವು. ನಿಮ್ಮ ಹಿಸ್ಟರಿಯಲ್ಲಿ 10 ಸೆಕೆಂಡಿಗೆ ಕೆಲವು ನೂರು ಇದ್ದರೆ ಮಿತಿಯನ್ನು 10,000ಕ್ಕೆ ಇಡಿ: ಸುಳ್ಳು ಅಲಾರಂ ಬರುವುದಿಲ್ಲ, ಲೂಪ್ ತಪ್ಪಿಸಿಕೊಳ್ಳುವುದಿಲ್ಲ. ಆದರೆ ಇಂಥ ಬ್ರಾಡ್‌ಕಾಸ್ಟ್ ಬಿರುಗಾಳಿಯಲ್ಲಿ ಸ್ವಿಚ್ಚಿನ ಸಿಪಿಯುವೇ ಉಸಿರುಗಟ್ಟಿದರೆ ಟ್ರ್ಯಾಪ್ ಹೊರಡುವುದೇ ಇಲ್ಲ. ಪ್ರತ್ಯೇಕ ವಿಎಲ್‌ಎಎನ್ ಬೇಕೆಂದದ್ದು ಇದಕ್ಕೆ. ಸ್ಟಾರ್ಮ್ ಕಂಟ್ರೋಲನ್ನೂ ಜೊತೆಗೆ ಹಾಕಿ; ಅದು ಬಿರುಗಾಳಿಯನ್ನು ತಡೆಯುತ್ತದೆ, ಆರ್‌ಮಾನ್ ಅದು ಬಂತೆಂದು ತಿಳಿಸುತ್ತದೆ.

ಮೂರನೆಯದು ಅಪ್‌ಲಿಂಕಿನ ಭಾರ, ಮತ್ತು ಇಲ್ಲಿ ಲೆಕ್ಕ ಎಚ್ಚರದಿಂದ ಮಾಡಬೇಕು. ಗಿಗಾಬಿಟ್ ಎಂದರೆ ಸೆಕೆಂಡಿಗೆ 12.5 ಕೋಟಿ ಬೈಟ್. 30 ಸೆಕೆಂಡಿಗೆ 375 ಕೋಟಿ. ಅದರ ಶೇ 80 ಎಂದರೆ 300 ಕೋಟಿ. ಆದರೆ ಅಲಾರಂ ಮಿತಿಯ ಜಾಗ 32 ಬಿಟ್ಟಿನದು, ಅದರಲ್ಲಿ ಹಿಡಿಸುವುದು 214 ಕೋಟಿ ಚಿಲ್ಲರೆ ಮಾತ್ರ. ಸಾಲದ್ದಕ್ಕೆ 32 ಬಿಟ್ಟಿನ ಬೈಟ್ ಎಣಿಕೆ 429 ಕೋಟಿ ಚಿಲ್ಲರೆಗೆ ಮತ್ತೆ ಸೊನ್ನೆಗೆ ಮರಳುತ್ತದೆ. ತುಂಬಿದ ಗಿಗಾಬಿಟ್ ಲಿಂಕಿನಲ್ಲಿ ಅದಕ್ಕೆ ಬೇಕಿರುವುದು ಸುಮಾರು 34 ಸೆಕೆಂಡು. ಹಾಗಾಗಿ ಅಂತರವನ್ನು 10 ಸೆಕೆಂಡಿಗೆ ಇಳಿಸಿ. ಆಗ ಶೇ 80 ಎಂದರೆ 100 ಕೋಟಿ, ಅಂದರೆ 1000000000. ಇಳಿಕೆಗೆ ಶೇ 60, 750000000. ಒಳಬರುವ ದಿಕ್ಕಿಗೆ 1.3.6.1.2.1.2.2.1.10.10124, ಹೊರಹೋಗುವ ದಿಕ್ಕಿಗೆ ಅದೇ ಸರಣಿಯಲ್ಲಿ 10ರ ಬದಲು 16. ಇಲ್ಲಿ ಮಾತ್ರ ಕೊನೆಯ ಸಂಖ್ಯೆ ಇಂಟರ್‌ಫೇಸ್ ಇಂಡೆಕ್ಸ್. 10 ಗಿಗಾಬಿಟ್ ಲಿಂಕಿನಲ್ಲಿ ಈ ಎಣಿಕೆ ಮೂರೂವರೆ ಸೆಕೆಂಡಿಗೇ ತಿರುಗುತ್ತದೆ. ಅಲ್ಲಿ ಸಾಮಾನ್ಯ ಅಲಾರಂ ನಂಬಲು ಬಾರದು. 64 ಬಿಟ್ ಎಣಿಕೆಗೆಂದೇ 2002ರಲ್ಲಿ ಬಂದ ಆರ್‌ಎಫ್‌ಸಿ 3434ರ ಅಲಾರಂ ನಿಮ್ಮ ಸ್ವಿಚ್ಚಿನಲ್ಲಿದೆಯೇ ನೋಡಿ, ಇಲ್ಲದಿದ್ದರೆ ಸರ್ವರಿನಿಂದಲೇ 64 ಬಿಟ್ ಎಣಿಕೆ ಓದಿ.

ನಾಲ್ಕನೆಯದು ಉಷ್ಣಾಂಶ. ಕಲಬುರಗಿ, ರಾಯಚೂರಿನಂಥ ಕಡೆ ಬೇಸಿಗೆಯಲ್ಲಿ ಹೊರಗೇ 40 ಡಿಗ್ರಿ ದಾಟುತ್ತದೆ. ಮೆಟ್ಟಿಲ ಕೆಳಗಿನ ಮುಚ್ಚಿದ ರ‍್ಯಾಕಿನ ಒಳಗೆ ಹೇಗಿರಬಹುದು ಯೋಚಿಸಿ. ಸಂವೇದಕ ಇರುವ ಹಲವು ಸಿಸ್ಕೊ ಸ್ವಿಚ್ಚುಗಳಲ್ಲಿ 1.3.6.1.4.1.9.9.13.1.3.1.3ರ ಕೆಳಗೆ ಒಳಗಿನ ಉಷ್ಣಾಂಶ ಸಿಗುತ್ತದೆ. ಅಬ್ಸೊಲ್ಯೂಟ್, ಅಂತರ 300 ಸೆಕೆಂಡು, ಮಿತಿ ನಿಮ್ಮ ವಾರದ ದಾಖಲೆಯಿಂದ.

ಹಂತ 7: ಸಂದೇಶ ಹಿಡಿಯುವ ಸರ್ವರ್

ಉಬುಂಟುವಿನಲ್ಲಿ ಟ್ರ್ಯಾಪ್ ಸ್ವೀಕರಿಸುವ ಎಸ್‌ಎನ್‌ಎಂಪಿಟ್ರ್ಯಾಪ್‌ಡಿ ಹಾಕಿ, ಯುಡಿಪಿ 162ನ್ನು ಸ್ವಿಚ್ಚುಗಳ ವಿಳಾಸಗಳಿಗೆ ಮಾತ್ರ ತೆರೆಯಿರಿ. ಡೆಬಿಯನ್, ಉಬುಂಟುಗಳಲ್ಲಿ ಓಐಡಿ ಅಂಕಿಗಳಿಗೆ ಹೆಸರು ಕೊಡುವ ಮಿಬ್ ಫೈಲುಗಳು ಪರವಾನಗಿ ಕಾರಣಕ್ಕೆ ಜೊತೆಗೆ ಬರುವುದಿಲ್ಲ. 'ಎಸ್‌ಎನ್‌ಎಂಪಿ-ಮಿಬ್ಸ್-ಡೌನ್‌ಲೋಡರ್' ಎಂಬ ಪ್ಯಾಕೇಜು ಬೇರೆಯಾಗಿ ಬೇಕು. ಅದಿಲ್ಲದೆ ಲಾಗಿನಲ್ಲಿ ಬರೀ ಅಂಕಿಗಳೇ ಕಾಣುತ್ತವೆ.

ಮೂರನೇ ಆವೃತ್ತಿಯ ಟ್ರ್ಯಾಪ್ ಬರುತ್ತಿಲ್ಲ ಎಂದು ತಲೆ ಕೆಡಿಸಿಕೊಳ್ಳುವವರು ಬಹಳ. ಕಾರಣ ಹೆಚ್ಚಾಗಿ ಎಂಜಿನ್ ಐಡಿ, ಅಂದರೆ ಪ್ರತಿ ಎಸ್‌ಎನ್‌ಎಂಪಿ ಸಾಧನದ ಗುರುತು ಸಂಖ್ಯೆ. ಟ್ರ್ಯಾಪಿನಲ್ಲಿ ಕಳಿಸುವವನದೇ ಅಧಿಕಾರ, ಆದ್ದರಿಂದ ಸರ್ವರಿನಲ್ಲಿ ಬಳಕೆದಾರನನ್ನು ಸೃಷ್ಟಿಸುವಾಗ ಸ್ವಿಚ್ಚಿನ ಎಂಜಿನ್ ಐಡಿ ಕೊಡಬೇಕು. ಇನ್‌ಫಾರ್ಮ್ ಎಂಬ ಇನ್ನೊಂದು ಬಗೆಯಲ್ಲಿ ಸರ್ವರ್ ರಸೀದಿ ಕಳಿಸುತ್ತದೆ, ರಸೀದಿ ಬಾರದಿದ್ದರೆ ಸ್ವಿಚ್ ಮತ್ತೆ ಕಳಿಸುತ್ತದೆ. ಅಲ್ಲಿ ಅಧಿಕಾರ ಪಡೆಯುವವನದು, ಸರ್ವರಿನ ಎಂಜಿನ್ ಐಡಿಯನ್ನು ಸ್ವಿಚ್ಚಿಗೆ ತಿಳಿಸಬೇಕು. ಏರಿಕೆಯ ಸಂದೇಶ ಒಮ್ಮೆ ಮಾತ್ರ ಬರುವಂಥದ್ದು, ಆದ್ದರಿಂದ ಸ್ವಿಚ್ ಒಪ್ಪಿದರೆ ಇನ್‌ಫಾರ್ಮನ್ನೇ ಆರಿಸಿ.

ಬಂದ ಸಂದೇಶವನ್ನು ಓದುವುದು ಹೀಗೆ. 1.3.6.1.2.1.16.0.1 ಎಂದಿದ್ದರೆ ಏರಿಕೆ, ಕೊನೆಗೆ 0.2 ಇದ್ದರೆ ಇಳಿಕೆ. ಜೊತೆಗೆ ಐದು ಮೌಲ್ಯಗಳು: ಅಲಾರಂ ಸಂಖ್ಯೆ 10, ಓಐಡಿ ಕೊನೆಗೆ 8.24, ಮಾದರಿ 2, ಮೌಲ್ಯ 25, ಮಿತಿ 20. ಇದನ್ನು ಮಾತಿಗಿಳಿಸಿದರೆ: 24ನೇ ಸಾಲಿನ ಪೋರ್ಟಿನಲ್ಲಿ ಕಳೆದ ನಿಮಿಷ 25 ಸಿಆರ್‌ಸಿ ದೋಷ ಬಂದಿದೆ, ಮಿತಿ 20. ಮಾದರಿ 2 ಎಂದರೆ ಡೆಲ್ಟಾ. ಇದನ್ನು ಟ್ರ್ಯಾಪ್‌ಹ್ಯಾಂಡಲ್ ಮೂಲಕ ಒಂದು ಸ್ಕ್ರಿಪ್ಟಿಗೆ ಕೊಟ್ಟು ಎಸ್‌ಎಂಎಸ್ ಅಥವಾ ಮೇಲ್ ಮಾಡಿಸಬಹುದು. ಜಾಬಿಕ್ಸ್ ಅಥವಾ ಲಿಬ್ರೆಎನ್‌ಎಂಎಸ್‌ನಂಥ ನಿಗಾ ತಂತ್ರಾಂಶ ಇದ್ದರೆ ಸಂದೇಶವನ್ನು ಅದಕ್ಕೇ ಹಸ್ತಾಂತರಿಸಬಹುದು.

ಹಂತ 8: ಸುಳ್ಳು ಅಪಾಯ ಸೃಷ್ಟಿಸಿ ನೋಡುವುದು

ಅಪ್‌ಲಿಂಕ್ ಅಲಾರಂ ಮಿತಿಯನ್ನು ತಾತ್ಕಾಲಿಕವಾಗಿ ತೀರಾ ಕೆಳಗಿಳಿಸಿ, ಐಪರ್ಫ್‌3 ಓಡಿಸಿ, ಸರ್ವರಿನಲ್ಲಿ ಬಂದ ಪ್ಯಾಕೆಟ್ಟುಗಳನ್ನು ತೋರಿಸುವ ಟಿಸಿಪಿಡಂಪ್ ಮೂಲಕ 162ನೇ ಪೋರ್ಟ್ ನೋಡುತ್ತಿರಿ. ಏರಿಕೆ ಬರಬೇಕು, ನಿಲ್ಲಿಸಿದ ಮೇಲೆ ಇಳಿಕೆ ಬರಬೇಕು, ಎಸ್‌ಎಂಎಸ್ ಕೈಯಲ್ಲಿರುವ ಮೊಬೈಲಿಗೆ ಬರಬೇಕು. ಟಿಸಿಪಿಡಂಪಿನಲ್ಲಿ ಪ್ಯಾಕೆಟ್ ಕಂಡು ಲಾಗಿನಲ್ಲಿ ಕಾಣದಿದ್ದರೆ ದೋಷ ಬಳಕೆದಾರನ ವಿವರದಲ್ಲಿ ಅಥವಾ ಎಂಜಿನ್ ಐಡಿಯಲ್ಲಿದೆ. ಪ್ಯಾಕೆಟ್ಟೇ ಕಾಣದಿದ್ದರೆ 'ಶೋ ಆರ್‌ಮಾನ್ ಈವೆಂಟ್ಸ್' ನೋಡಿ. ಅಲ್ಲಿ ಲಾಗ್ ಇದ್ದರೆ ದೋಷ ಸ್ವಿಚ್ಚಿನಿಂದ ಸರ್ವರಿಗೆ ಹೋಗುವ ದಾರಿಯಲ್ಲಿದೆ, ಇಲ್ಲದಿದ್ದರೆ ಅಲಾರಂ ಸಾಲಿನಲ್ಲಿದೆ. ಮಿತಿಯನ್ನು ಮೊದಲಿನಂತೆ ಮಾಡಿ, ಕಾನ್ಫಿಗರೇಶನ್ ಉಳಿಸಿ. ಉಳಿಸದೆ ಬಿಟ್ಟರೆ ಮುಂದಿನ ಕರೆಂಟ್ ಕಡಿತಕ್ಕೆ ಎಲ್ಲ ಹೋಯಿತು.

ಹಂತ 9: ಅಲಾರಂ ಬಂದಾಗ, ಬಾರದಿದ್ದಾಗ

ಸಿಆರ್‌ಸಿ ಬಂದರೆ ಮೊದಲು ಕೇಬಲ್ ಬದಲಿಸಿ, ಆಮೇಲೆ ಎರಡೂ ಬದಿಯ ಡ್ಯುಪ್ಲೆಕ್ಸ್ ನೋಡಿ. ಒಂದು ಕಡೆ ಫುಲ್, ಇನ್ನೊಂದು ಕಡೆ ಹಾಫ್ ಆಗಿದ್ದರೆ ಫುಲ್ ಇರುವ ಕಡೆ ಸಿಆರ್‌ಸಿ ಮತ್ತು ತುಂಡು ಫ್ರೇಮು ಏರುತ್ತವೆ, ಹಾಫ್ ಇರುವ ಕಡೆ ತಡವಾದ ಘರ್ಷಣೆಗಳು. ಭಾರದ ಅಲಾರಂ ಬಂದರೆ ಯಾರು ಎಂದು ಆರ್‌ಮಾನ್ ಹೇಳದು. ಎಸ್‌ಫ್ಲೋ ಅಥವಾ ಪೋರ್ಟ್ ಮಿರರ್ (ಪೋರ್ಟಿನ ಟ್ರಾಫಿಕ್ಕಿನ ನಕಲು) ಅಲ್ಲಿಗೆ ಬೇಕು. ಕೋಲ್ಡ್ ಸ್ಟಾರ್ಟ್ ಎಂಬ ಟ್ರ್ಯಾಪ್ ಬಂದರೆ ಸ್ವಿಚ್ ಹೊಸದಾಗಿ ಎದ್ದಿದೆ ಎಂದು ಅರ್ಥ: ಮುಂಗಾರುಪೂರ್ವದ ಗುಡುಗು ಮಳೆ ಹೊತ್ತಿನಲ್ಲಿ ಇವು ಸಾಲುಗಟ್ಟಿ ಬಂದರೆ ಯುಪಿಎಸ್ ಬ್ಯಾಟರಿಯನ್ನು ನೋಡಲು ಹೇಳಿ.

ಏನೂ ಬಾರದಿದ್ದರೆ ಎಲ್ಲ ಸರಿಯಿದೆ ಎಂದುಕೊಳ್ಳಬೇಡಿ. ಸತ್ತ ಸ್ವಿಚ್ಚೂ ಅಲಾರಂ ಕಳಿಸುವುದಿಲ್ಲ. ಸರ್ವರ್ ಐದು ನಿಮಿಷಕ್ಕೊಮ್ಮೆ 1.3.6.1.2.1.1.3.0 ಎಂಬ ಅಪ್‌ಟೈಮ್ ಒಂದನ್ನಾದರೂ ಕೇಳಲಿ. ಉತ್ತರ ಬಾರದಿದ್ದರೆ ಅದೇ ಅಲಾರಂ. ದಿನಕ್ಕೊಮ್ಮೆ, ಮತ್ತು ಫರ್ಮ್‌ವೇರ್ ಬದಲಿಸಿದ ಪ್ರತಿ ಸಲ, 1.3.6.1.2.1.16.3.1.1.12 ಓದಿಸಿ. ಅದು ಪ್ರತಿ ಅಲಾರಂ ಸಾಲಿನ ಸ್ಥಿತಿ. ಎಲ್ಲದಕ್ಕೂ 1 ಬಂದರೆ ಸಾಲುಗಳು ಜೀವಂತವಾಗಿವೆ. ಸಾಲಿನ ಸಂಖ್ಯೆ ಕಡಿಮೆಯಾಗಿದ್ದರೆ ಅಥವಾ ಬೇರೆ ಅಂಕಿ ಕಂಡರೆ ಐದನೇ ಹಂತಕ್ಕೆ ಹೋಗಿ ಆ ಸಾಲನ್ನು ಮತ್ತೆ ಬರೆಯಿರಿ.